ದೋರೆಗಾಯಿ ಸೀಬೆ ಮತ್ತು ಎರಡು ಪಾಯಿಂಟ್ ಎಂಟು

ಉಬಿ ಎಂದರೆ ಮಲಯ ಭಾಷೆಯಲ್ಲಿ ಗೆಡ್ಡೆ. ಉಬಿ ಕಾಯು ಅಂದರೆ ಮರಗೆಣಸು, ಉಬಿ ಕೆಲೆಡೆಕ್ ಅಂದರೆ ಸಿಹಿಗೆಣಸು. 1942ರಿಂದ 1945ರವರೆಗೆ ಜಪಾನೀಯರ ಕೈಯಲ್ಲಿ ಊರಿದ್ದಾಗ ಅಕ್ಕಿ ಸಿಗದೆ ಸಿಂಗಪುರದ ಜನ ಮರಗೆಣಸನ್ನೇ ಬೇಯಿಸಿ, ಹಿಟ್ಟು ಮಾಡಿ, ತಟ್ಟಿ ತಿಂದು ಬದುಕಿದ್ದರು. ಇವತ್ತಿನ ಉಬಿಯಲ್ಲಿ ಗೆಡ್ಡೆ ನೆಡುವಷ್ಟು ಮಣ್ಣು ಹುಡುಕಿದರೂ ಸಿಗದು. ಒಂದು ಮಗ್ಗುಲಲ್ಲಿ ಎಚ್‌ಡಿಬಿ ಮನೆಗಳು, ಇನ್ನೊಂದು ಮಗ್ಗುಲಲ್ಲಿ ಕಾರು ರಿಪೇರಿ ಶೆಡ್ಡುಗಳು, ಪೇಂಟು ಹೊಡೆಯುವ ಗೂಡುಗಳು, ಪ್ರಿಂಟಿಂಗ್ ಪ್ರೆಸ್ಸುಗಳು, ಸಾಸು–ಮಸಾಲೆ ಮಾಡುವ ಸಣ್ಣ ಕಾರ್ಖಾನೆಗಳು, ಲಾರಿಯೇ ಮಹಡಿ ಹತ್ತುವ ಇಳಿಜಾರು ರಸ್ತೆಗಳು. 2017ರ ಅಕ್ಟೋಬರಿನಲ್ಲಿ ಡೌನ್‌ಟೌನ್ ಲೈನಿನ ರೈಲು ಬಂದಮೇಲೆ ಓಡಾಟ ಸುಲಭವಾಯಿತು. ಊರು ನೋಡಲು ಬಂದ ನೆಂಟರನ್ನು ಮಾತ್ರ ಯಾರೂ ಉಬಿಗೆ ಕರೆದೊಯ್ಯುವುದಿಲ್ಲ.

ನಾನು ಅಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕೆಲಸ ಏನೆಂದು ಕೇಳಿದರೆ ಹೇಳಲು ಸಂಕೋಚ: ರುಚಿ ನೋಡುವುದು. ಸಾಸು, ಶರಬತ್ತು, ಸೋಯಾ ಹಾಲು, ನೂಡಲ್ಸಿನ ಮಸಾಲೆ ಪುಡಿ ಇತ್ಯಾದಿಗಳು ಮಾರುಕಟ್ಟೆಗೆ ಹೋಗುವ ಮುಂಚೆ ಒಂದು ಬಿಳಿ ಕೋಣೆಯಲ್ಲಿ, ಕೆಂಪು ದೀಪದಡಿಯಲ್ಲಿ, ನಂಬರು ಬರೆದ ಸಣ್ಣ ಕಪ್ಪುಗಳಲ್ಲಿ ನಮ್ಮ ಮುಂದೆ ಬರುತ್ತವೆ. ಕೆಂಪು ದೀಪ ಯಾಕೆಂದರೆ ಬಣ್ಣ ಕಾಣಬಾರದು. ಕಣ್ಣು ನಾಲಿಗೆಗೆ ಚಾಡಿ ಹೇಳುತ್ತದೆ ಎಂದು ನನಗೆ ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಕಲಿಸಿದವರು ಹೇಳುತ್ತಿದ್ದರು. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಶುರುವಾದ ಆ ಸಂಸ್ಥೆಯ ಮರಗಳ ಕೆಳಗೆ ನಾವು ಹುಡುಗಿಯರು ಉಪ್ಪು ನೀರು, ಸಕ್ಕರೆ ನೀರು, ಕ್ವಿನೈನ್ ನೀರು ಬಾಯಾಡಿಸಿ ಉಗಿಯುತ್ತಾ ಕಲಿತದ್ದೇ ಇವತ್ತಿಗೂ ಅನ್ನ ಹಾಕುತ್ತಿದೆ.

ಹಾಗಿದ್ದೂ ಮೊನ್ನೆಯವರೆಗೆ ನಾನು ಬಿಯರಿನ ರುಚಿ ನೋಡಿದ್ದು ಬಹಳ ಕಡಿಮೆ. ಕಾರಣ ಆಮೇಲೆ ಹೇಳುತ್ತೇನೆ. ನಮ್ಮ ಎದುರಿನ ಕಟ್ಟಡದ ಮಹಡಿಯೊಂದರಲ್ಲಿ ಸಣ್ಣದೊಂದು ಬ್ರೂವರಿ ಇದೆ. ಹೆಸರು ಹೇಳುವುದಿಲ್ಲ. ಇಲ್ಲಿ ನಾನು ಆಡುವ ಮಾತು ಒಂದು ಅಂಗಡಿಯ ಕುರಿತದ್ದಲ್ಲ, ಈಗ ಎಲ್ಲ ಕಡೆ ಹಬ್ಬುತ್ತಿರುವ ಒಂದು ಬಗೆಯ ಕುರಿತದ್ದು. ಹಣ್ಣು ಹಾಕಿದ, ಹಗುರವಾದ, ಮದ್ಯಾಂಶ ಕಡಿಮೆಯಿರುವ ಬಿಯರು. ಅಲ್ಲಿಯ ಬ್ರೂವರ್ ಮೂವತ್ತು ದಾಟದ ಚೀನೀ ಹುಡುಗ. ಕೆಳಗಿನ ಕ್ಯಾಂಟೀನಿನಲ್ಲಿ ಅನ್ನದ ಸರದಿಯಲ್ಲಿ ಪರಿಚಯವಾದವನು. ನನ್ನ ಕೆಲಸ ಏನೆಂದು ತಿಳಿದ ದಿನದಿಂದ ಹಟ ಹಿಡಿದಿದ್ದ: "ಆಂಟಿ, ಒಂದು ಸಲ ಬಂದು ನೋಡಿ. ಸುಳ್ಳು ಹೊಗಳಿಕೆ ಬೇಡ, ಅದನ್ನು ಹೇಳೋರು ಬೇಕಾದಷ್ಟಿದ್ದಾರೆ."

ಹೋದೆ. ಹೋಗುವಾಗ ನನ್ನ ಜೊತೆ ಕನ್ನಡ ಇತ್ತು, ಅದೇ ನನಗೆ ತೊಡಕಾಯಿತು. ರುಚಿಯ ವಿಷಯದಲ್ಲಿ ನಮ್ಮ ಭಾಷೆ ಬಡವಲ್ಲ. ಒಗರು, ಕನರು, ಘಾಟು, ಕಮಟು, ಸಪ್ಪೆ, ಮುಗ್ಗಲು, ಹಳಸಲು, ಸೀದದ್ದು, ಹುಳಿ ಬಂದದ್ದು. ಕಚೇರಿಯ ಇಂಗ್ಲಿಷ್ ಪಟ್ಟಿಯಲ್ಲಿ ನಾಲ್ಕು ಪದದಲ್ಲಿ ಸುತ್ತಿ ಹೇಳಬೇಕಾದದ್ದನ್ನು ನಮ್ಮಜ್ಜಿ ಒಂದೇ ಪದದಲ್ಲಿ ಹೇಳಿ ಪಾತ್ರೆ ಆಚೆಗೆ ತಳ್ಳುತ್ತಿದ್ದರು. ಕುಡಿತದ ವಿಷಯ ಬಂದರೆ ಮಾತ್ರ ಈ ಪದಗಳೆಲ್ಲ ಎಲ್ಲೋ ಮಾಯವಾಗುತ್ತವೆ. ಹೆಂಡ, ಸೇಂದಿ, ಸಾರಾಯಿ, ಭಟ್ಟಿ, ಆಮೇಲೆ ನಶೆ, ಅಮಲು, ಮತ್ತು, ತೂರಾಟ. ಹನ್ನೆರಡನೆಯ ಶತಮಾನದಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯ ವಚನಕಾರನಾಗಿದ್ದ. 1930ರ ದಶಕದಲ್ಲಿ ಜಿ.ಪಿ. ರಾಜರತ್ನಂ ಎಂಡ್ಕುಡುಕ ರತ್ನನನ್ನು ಕಟ್ಟಿ ಕನ್ನಡಿಗರ ಬಾಯಲ್ಲಿ ನೆಲೆ ನಿಲ್ಲಿಸಿದರು. ಇಷ್ಟು ದೊಡ್ಡವರು ಮುಟ್ಟಿದ ವಸ್ತುವಿಗೆ ಒಂದು ರುಚಿ ಇದೆಯೇ, ಅದು ಹುಳಿಯೋ ಒಗರೋ, ನಾಲಿಗೆಯ ಯಾವ ತುದಿಯಲ್ಲಿ ನಿಲ್ಲುತ್ತದೆ ಎಂದು ನಮ್ಮ ಬರಹದಲ್ಲಿ ಹುಡುಕಿದರೆ ನನಗೆ ಹೆಚ್ಚೇನೂ ಸಿಗಲಿಲ್ಲ. ಕುಡಿದವನ ವಿಷಯ ಬಹಳ ಇದೆ, ಕುಡಿದದ್ದರ ವಿಷಯ ಇಲ್ಲ. ಊರಿನ ವೈನ್ ಶಾಪಿನಲ್ಲಿ ಬಿಯರು ಕೇಳಿದರೆ ಅಂಗಡಿಯವನು ಮೊದಲು ಕೇಳುವುದು "ಸ್ಟ್ರಾಂಗಾ?" ಎಂದೇ ತಾನೆ.

ಇಲ್ಲಿ ಕೇಳಿದ್ದು ಅದರ ತಿರುಗುಮುರುಗು. ಗೋಡೆಯ ಹಲಗೆಯಲ್ಲಿ ಮೂರು ಹೆಸರು: ಅನಾನಸು–ಕಲಮಾನ್ಸಿ 2.8 ಶೇಕಡಾ, ಮಾವು 3 ಶೇಕಡಾ, ಸೀಬೆ 2.8 ಶೇಕಡಾ. ಸಾಮಾನ್ಯ ಲಾಗರಿನಲ್ಲಿ 5ರ ಆಸುಪಾಸು ಇರುತ್ತದೆ.

ಮದ್ಯ ಕಡಿಮೆ ಮಾಡುವುದು ಹೇಗೆ ಎನ್ನುವುದನ್ನು ಸ್ವಲ್ಪ ಹೇಳಬೇಕು, ಯಾಕೆಂದರೆ ರುಚಿಯ ಜಗಳವೆಲ್ಲ ಅಲ್ಲೇ ಹುಟ್ಟುವುದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಸಿದರೆ ಅದರ ಗಂಜಿ ಸಕ್ಕರೆಯಾಗುತ್ತದೆ. ಯೀಸ್ಟ್ ಆ ಸಕ್ಕರೆ ತಿಂದು ಮದ್ಯವನ್ನೂ ಗುಳ್ಳೆಯನ್ನೂ ಕೊಡುತ್ತದೆ. ಮದ್ಯ ಕಡಿಮೆ ಬೇಕೆಂದರೆ ಬಾರ್ಲಿಯನ್ನೇ ಕಡಿಮೆ ಹಾಕಬಹುದು. ಅಥವಾ ನೆನೆಸುವ ನೀರನ್ನು ಹೆಚ್ಚು ಬಿಸಿಯಿಟ್ಟು ಯೀಸ್ಟಿಗೆ ಜೀರ್ಣವಾಗದ ಬಗೆಯ ಸಕ್ಕರೆ ಹೆಚ್ಚಾಗುವಂತೆ ಮಾಡಬಹುದು. ಅಥವಾ ಬಾರ್ಲಿಯ ಮುಖ್ಯ ಸಕ್ಕರೆಯಾದ ಮಾಲ್ಟೋಸನ್ನು ಮುಟ್ಟದ ಯೀಸ್ಟನ್ನೇ ಆರಿಸಬಹುದು. ದೊಡ್ಡ ಕಂಪನಿಗಳು ಪೂರ್ತಿ ಬಿಯರು ಮಾಡಿ ಆಮೇಲೆ ನಿರ್ವಾತದಲ್ಲಿ ಕಾಯಿಸಿ ಮದ್ಯವನ್ನು ಹೊರಗೆ ತೆಗೆಯುತ್ತವೆ, ಅದು ಸಣ್ಣವರ ಕೈಗೆಟುಕುವ ಯಂತ್ರವಲ್ಲ. ಯಾವ ದಾರಿ ಹಿಡಿದರೂ ಬೆಲೆ ತೆರಬೇಕು. ಮದ್ಯ ಅಂದರೆ ಅಮಲು ಮಾತ್ರವಲ್ಲ. ಅದು ನಾಲಿಗೆಗೆ ತೂಕ ಕೊಡುತ್ತದೆ, ತುಸು ಸಿಹಿ ಕೊಡುತ್ತದೆ, ಪರಿಮಳವನ್ನು ಮೂಗಿಗೆ ಏರಿಸುತ್ತದೆ. ಅದನ್ನು ತೆಗೆದರೆ ಬಿಯರು ತಿಳಿಸಾರಿನಂತೆ ನೀರಾಗುತ್ತದೆ, ಇಲ್ಲವೇ ಕುದಿಸಿದ ಮಾಲ್ಟಿನ ಹಸಿಹಸಿ ವಾಸನೆ ಮೇಲೆದ್ದು ನಿಲ್ಲುತ್ತದೆ. ಈ ಬೋಳುತನ ಮುಚ್ಚಲು ಬ್ರೂವರುಗಳು ಹಣ್ಣು ತರುತ್ತಾರೆ. ಹಾಗಾಗಿ ಹಗುರ ಬಿಯರಿನಲ್ಲಿ ಹಣ್ಣು ಕಂಡಾಗ ನಾನು ಕೇಳುವ ಪ್ರಶ್ನೆ ಒಂದೇ: ಇದು ಊಟದ ಪದಾರ್ಥವೋ, ಹರಿದ ಪಂಚೆಯ ಮೇಲೆ ಹೊದೆಸಿದ ಶಲ್ಯವೋ?

ಮೊದಲ ಲೋಟ ಅನಾನಸು–ಕಲಮಾನ್ಸಿ. ಕಲಮಾನ್ಸಿ ಗೊತ್ತಿಲ್ಲದವರಿಗೆ: ಗೋಲಿಯಷ್ಟು ಗಾತ್ರದ ಹಸಿರು ನಿಂಬೆ, ಒಳಗೆ ಕಿತ್ತಳೆ ಬಣ್ಣ, ಇಲ್ಲಿ ಮೀ ರೆಬುಸ್ ತಟ್ಟೆಯ ಅಂಚಿನಲ್ಲಿ ಅರ್ಧ ಕೊಯ್ದು ಇಟ್ಟಿರುತ್ತಾರೆ. ಲೋಟ ಮೂಗಿನ ಹತ್ತಿರ ತಂದಾಗ ಚೆನ್ನಾಗಿಯೇ ಇತ್ತು, ಸಿಪ್ಪೆ ಹಿಂಡಿದಾಗ ಸಿಡಿಯುವ ಎಣ್ಣೆಯ ವಾಸನೆ. ಬಾಯಿಗೆ ಹೋದಮೇಲೆ ಅನಾನಸು ನಾಪತ್ತೆ. ಹುಳಿ ಇದೆ, ಗುಳ್ಳೆ ಇದೆ, ಹಿಂದೆ ಯಾರೂ ಇಲ್ಲ. ತಣ್ಣಗಿರುವಾಗ ದಾಹಕ್ಕೆ ಸರಿ, ಲೋಟ ಬೆಚ್ಚಗಾದರೆ ಮುಗಿಯಿತು. ಇದರ ಬಗ್ಗೆ ಇಷ್ಟು ಸಾಕು.

ಮಾವಿನದ್ದು ನನಗೆ ನಿಜವಾಗಿ ಬೇಸರ ತಂದಿತು, ಯಾಕೆಂದರೆ ಹಣ್ಣು ನಮ್ಮದು. ಹುಡುಗ ಪ್ಯೂರಿಯ ಚೀಲ ತೋರಿಸಿದ: ತೋತಾಪುರಿ, ಭಾರತದ ಉತ್ಪನ್ನ. ನಾವು ಗಿಣಿಮೂತಿ ಎನ್ನುವ ಹಣ್ಣು. ಚಿತ್ತೂರು, ಕೃಷ್ಣಗಿರಿಯ ಕಡೆ ಈ ಹಣ್ಣಿನ ತಿರುಳು ತೆಗೆದು ಡ್ರಮ್ಮಿಗೆ ತುಂಬಿ ಹೊರದೇಶಕ್ಕೆ ಕಳಿಸುವ ಕಾರ್ಖಾನೆಗಳ ಸಾಲೇ ಇದೆ. ಗಡಿಯಿಂದ ಈಚೆ ಕೋಲಾರದ ಶ್ರೀನಿವಾಸಪುರ ಮಾವಿನ ಸೀಮೆ. ತೋತಾಪುರಿಯ ಗುಣ ಗೊತ್ತಿರುವವರು ಅದನ್ನು ಕಾಯಿಯಲ್ಲೇ ತಿನ್ನುತ್ತಾರೆ, ಸೀಳಿ ಉಪ್ಪು ಖಾರ ಸವರಿ. ಹಣ್ಣಾದರೆ ಅದು ಬಾದಾಮಿಯೂ ಅಲ್ಲ, ರಸಪುರಿಯೂ ಅಲ್ಲ, ತಿರುಳು ಮಾತ್ರ ಧಾರಾಳ. ಕಾರ್ಖಾನೆಗೆ ಬೇಕಾದದ್ದು ಅದೇ. ಆ ತಿರುಳನ್ನು ಯೀಸ್ಟಿನ ಬಾಯಿಗೆ ಕೊಟ್ಟರೆ ಏನಾಗುತ್ತದೆ? ಯೀಸ್ಟ್ ಮೊದಲು ತಿನ್ನುವುದು ಸಕ್ಕರೆಯನ್ನು. ಮಾವಿನ ರುಚಿ ನಿಂತಿರುವುದೇ ಸಕ್ಕರೆಯ ಮೇಲೆ. ಸಿಹಿ ಹೋದ ಮಾವು ಬಾಯಲ್ಲಿ ಕುಂಬಳಕಾಯಿಯಂತೆ ಆಗುತ್ತದೆ, ಬಣ್ಣ ಮಾತ್ರ ಮಾವಿನದ್ದು. ಲೋಟ ನೋಡಿದವರು ಆಹಾ ಎನ್ನುತ್ತಾರೆ. ಕೆಂಪು ದೀಪದಡಿಯಲ್ಲಿ ಕೊಟ್ಟರೆ ಹತ್ತರಲ್ಲಿ ಎಷ್ಟು ಜನ ಮಾವು ಎಂದಾರು ಎಂದು ನನಗೆ ಅನುಮಾನ. ಹುಡುಗನಿಗೆ ಹಾಗೆಯೇ ಹೇಳಿದೆ. ಅವನು ತಲೆ ಕೆರೆದುಕೊಂಡು "ಆದರೆ ಹೆಚ್ಚು ಖರ್ಚಾಗುವುದು ಇದೇ" ಎಂದ. ಅದೂ ನಿಜವಿರಬೇಕು.

ಸೀಬೆಯದ್ದು ಬೇರೆ. ಮೊದಲ ಗುಟುಕಿಗೇ ನಾನು ಲೋಟ ಕೆಳಗಿಟ್ಟೆ.

ಗೋಸೆ ಎಂಬ ಹಳೆಯ ಜರ್ಮನ್ ಬಿಯರಿದೆ, ಗೋಸ್ಲಾರ್ ಊರಿನ ಹೆಸರಿನಿಂದ ಬಂದದ್ದು, ಆಮೇಲೆ ಲೈಪ್‌ಜಿಗ್‌ನಲ್ಲಿ ಬೆಳೆದದ್ದು. ಗೋಧಿ ಸೇರಿಸಿದ ಹುಳಿ ಬಿಯರು, ಅದಕ್ಕೆ ಉಪ್ಪು, ಕೊತ್ತಂಬರಿ ಬೀಜ. 1516ರಲ್ಲಿ ಬವೇರಿಯದ ದೊರೆಗಳು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಸೇರಿಸಕೂಡದೆಂದು ಕಟ್ಟಳೆ ಮಾಡಿದ ಕಥೆ ಎಲ್ಲರೂ ಹೇಳುತ್ತಾರೆ, ಅದೇ ಜರ್ಮನಿಯ ಇನ್ನೊಂದು ಮೂಲೆಯಲ್ಲಿ ಬಿಯರಿಗೆ ಉಪ್ಪು ಕೊತ್ತಂಬರಿ ಹಾಕುತ್ತಿದ್ದರು ಎನ್ನುವುದನ್ನು ಮರೆಯುತ್ತಾರೆ. ಈ ಬಿಯರನ್ನು ಹುಳಿ ಬರಿಸುವ ವಿಧಾನ ನಮ್ಮ ಅಡುಗೆಮನೆಗೆ ಪರಕೀಯವಲ್ಲ: ಮಾಲ್ಟಿನ ರಸಕ್ಕೆ ಮೊಸರಿನ ಬಳಗದ ಬ್ಯಾಕ್ಟೀರಿಯಾ ಹಾಕಿ ಒಂದೆರಡು ದಿನ ಬೆಚ್ಚಗಿಡುವುದು, ಹುಳಿ ಸಾಕೆನಿಸಿದಾಗ ಕುದಿಸಿ ನಿಲ್ಲಿಸುವುದು. ದೋಸೆ ಹಿಟ್ಟು ಉಬ್ಬುವ ರಾತ್ರಿಯ ಅದೇ ವಾಸನೆ. ಹುಡುಗ ಇದಕ್ಕೆ ಸೀಬೆ ಸೇರಿಸಿದ್ದ. ಉಪ್ಪಿನ ಬದಲಿಗೆ ಇಲ್ಲಿಯ ಹಣ್ಣಿನ ಅಂಗಡಿಗಳಲ್ಲಿ ಸೀಬೆಯ ಹೋಳಿನ ಮೇಲೆ ಉದುರಿಸುವ ಹುಳಿ ಪ್ಲಮ್ಮಿನ ಉಪ್ಪುಪುಡಿ.

ಮೈಸೂರಿನಲ್ಲಿ ನಾನು ಓದಿದ ಶಾಲೆಯ ಗೇಟಿನ ಹೊರಗೆ ಒಬ್ಬಾಕೆ ಗೋಣಿಚೀಲ ಹಾಸಿ ಸೀಬೆ ಮಾರುತ್ತಿದ್ದಳು. ಚಾಕುವಿನಲ್ಲಿ ನಾಲ್ಕು ಸೀಳು ಹಾಕಿ, ಹೂವಿನಂತೆ ಬಿಡಿಸಿ, ಒಳಗೆ ಉಪ್ಪುಖಾರ ತುರುಕಿ ಕೊಡುತ್ತಿದ್ದಳು. ಆ ಲೋಟದಲ್ಲಿ ಅದು ಇತ್ತು. ಉಪ್ಪು ಮೊದಲು, ಆಮೇಲೆ ಹುಳಿ, ಆಮೇಲೆ ಸೀಬೆಯ ಆ ತುಸು ಕಸ್ತೂರಿಯಂಥ ವಾಸನೆ ಮೂಗಿನ ಹಿಂಭಾಗದಿಂದ. ಸಿಹಿ ಪೂರ್ತಿ ಹೋಗಿತ್ತು, ಹೋದದ್ದು ಗೊತ್ತಾಗಲೇ ಇಲ್ಲ. ಸೀಬೆ ಸಿಹಿಯನ್ನು ನೆಚ್ಚಿಕೊಂಡ ಹಣ್ಣಲ್ಲ. ಮಾವು ಸೋತಲ್ಲಿ ಇದು ಗೆದ್ದದ್ದು ಅದಕ್ಕೇ. ಬೋಳು ಬಿಯರಿಗೆ ಬೇಕಾಗಿದ್ದ ಹೊದಿಕೆಯನ್ನು ಉಪ್ಪು ಕೊಟ್ಟಿತ್ತು, ಹಣ್ಣು ತನ್ನ ಕೆಲಸ ತಾನು ಮಾಡಿಕೊಂಡಿತ್ತು.

ತಪ್ಪೂ ಇತ್ತು. ಶಾಲೆಯ ಗೇಟಿನ ಹೆಂಗಸು ಯಾವತ್ತೂ ಪೂರ್ತಿ ಹಣ್ಣಾದ ಸೀಬೆ ಸೀಳಿದವಳಲ್ಲ. ದೋರೆಗಾಯಿ: ಕಾಯಿ ಅಲ್ಲದ, ಇನ್ನೂ ಹಣ್ಣೂ ಅಲ್ಲದ, ಕಚ್ಚಿದರೆ ಕಟಕ್ ಎನ್ನುವ, ಒಗರು ಉಳಿದಿರುವ ಹಂತ. ಇಂಗ್ಲಿಷಿನಲ್ಲಿ ಅರೆಪಕ್ವ ಎಂಬ ಅರ್ಥದ ಎರಡು ಪದ ಜೋಡಿಸಿ ಹೇಳುತ್ತಾರೆ, ದೋರೆಗಾಯಿಯ ಒಗರು ಅದರಲ್ಲಿ ಬರುವುದಿಲ್ಲ. ಈ ಬಿಯರಿನ ಸೀಬೆ ಕೆಂಪು ತಿರುಳಿನ, ತೀರಾ ಹಣ್ಣಾದ ಪ್ಯೂರಿ. ಎರಡನೆಯ ಅರ್ಧ ಲೋಟದಲ್ಲಿ ಅದು ಭಾರವಾಗತೊಡಗಿತು, ಮರದಡಿ ಬಿದ್ದು ಎರಡು ದಿನವಾದ ಹಣ್ಣಿನ ಹತ್ತಿರ ಹತ್ತಿರ. ಒಗರು ಇದ್ದಿದ್ದರೆ ನಾಲಿಗೆಯನ್ನು ಒರೆಸಿ ಮುಂದಿನ ಗುಟುಕಿಗೆ ಜಾಗ ಮಾಡುತ್ತಿತ್ತು. ಬಿಯರಿನಲ್ಲಿ ಆ ಕೆಲಸವನ್ನು ಸಾಮಾನ್ಯವಾಗಿ ಹಾಪ್ಸಿನ ಕಹಿ ಮಾಡುತ್ತದೆ, ಹುಳಿ ಬಿಯರಿನಲ್ಲಿ ಹಾಪ್ಸ್ ಹೆಸರಿಗಷ್ಟೆ.

ಹೋಲಿಕೆಗೆಂದು ನಾನು ಒಂದು ಬೆಲ್ಜಿಯಂ ಬಾಟಲಿ ಒಯ್ದಿದ್ದೆ, ಲಿಂಡೆಮನ್ಸ್ ಫ್ರಾಂಬ್ವಾಸ್, 2.5 ಶೇಕಡಾ. ಬ್ರಸೆಲ್ಸ್ ಸುತ್ತಿನ ಲಾಂಬಿಕ್ ಬಿಯರಿಗೆ ಯೀಸ್ಟನ್ನು ಯಾರೂ ಹಾಕುವುದಿಲ್ಲ. ಅಗಲವಾದ ತೆರೆದ ತೊಟ್ಟಿಯಲ್ಲಿ ರಸವನ್ನು ರಾತ್ರಿಯಿಡೀ ಆರಲು ಬಿಟ್ಟರೆ ಗಾಳಿಯಲ್ಲಿರುವುದೇ ಬಂದು ಕೂರುತ್ತದೆ, ಮರದ ಪೀಪಾಯಿಯಲ್ಲಿ ಉಳಿದದ್ದು ನಡೆಯುತ್ತದೆ. ಅದಕ್ಕೆ ರಾಸ್ಪ್‌ಬೆರಿ ರಸ ಸೇರಿಸಿ ಸಿಹಿ ಉಳಿಸಿ ಮಾಡಿದ್ದು ಈ ಬಾಟಲಿ. ಮದ್ಯಾಂಶ ಕಡಿಮೆ ಎನ್ನುವುದು ಹೊಸ ಫ್ಯಾಷನ್ ಎಂದುಕೊಂಡವರಿಗೆ ಇದೊಂದು ಉತ್ತರ. ನನಗೆ ಇದು ಸಿಹಿ ಹೆಚ್ಚಾಯಿತು, ಊಟದ ಕೊನೆಗೆ ಐಸ್‌ಕ್ರೀಮಿನ ಜಾಗದಲ್ಲಿ ಸರಿ. ಆದರೆ ಹಣ್ಣು ಹಣ್ಣಾಗಿಯೇ ಇದೆ, ಮುಖ ಮುಚ್ಚಿಕೊಂಡಿಲ್ಲ. ಸಿಹಿ ಉಳಿಸಿದವರು ಹಣ್ಣನ್ನು ಉಳಿಸಿಕೊಂಡು ಬಿಯರನ್ನು ಅರ್ಧ ಬಿಟ್ಟುಕೊಟ್ಟರು. ಉಬಿಯ ಹುಡುಗ ಸಿಹಿ ಬಿಟ್ಟು ಬಿಯರು ಉಳಿಸಲು ನೋಡಿದ. ಇದು ಕಷ್ಟದ ದಾರಿ, ನನಗೆ ಮೆಚ್ಚುಗೆಯ ದಾರಿಯೂ ಹೌದು.

ಆಮೇಲೆ ನಡೆದದ್ದನ್ನು ಬರೆಯದೆ ಬಿಡಬಹುದಿತ್ತು. ಹುಡುಗ ಒಳಗೆ ಹೋಗಿ ಮೂರು ಸಣ್ಣ ಕಪ್ಪು ತಂದಿಟ್ಟ. ಸೀಬೆ ಬಿಯರಿನದೇ ಇನ್ನೊಂದು ಆವೃತ್ತಿ ಮಾಡಿದ್ದಾನಂತೆ, ಮದ್ಯಾಂಶ 0.5ನ್ನು ಮೀರದ ಹಾಗೆ. ಇಲ್ಲಿಯ ಕಾನೂನಿನಲ್ಲಿ 0.5 ಶೇಕಡಾ ಮೀರಿದರೆ ಮಾತ್ರ ಅದು ಮದ್ಯ. 2015ರಿಂದ ರಾತ್ರಿ ಹತ್ತೂವರೆ ಆದಮೇಲೆ ಅಂಗಡಿಯಲ್ಲಿ ಮದ್ಯ ಮಾರುವಂತಿಲ್ಲ, ಬೀದಿಯಲ್ಲಿ ಕುಡಿಯುವಂತಿಲ್ಲ, ಈ 0.5ನದ್ದಕ್ಕೆ ಆ ಕಟ್ಟಿಲ್ಲ. "ಆಂಟಿ, ನಿಮ್ಮ ಆಫೀಸಿನ ಆಟ. ಎರಡು ಒಂದೇ, ಒಂದು ಬೇರೆ. ಬೇರೆ ಯಾವುದು ಹೇಳಿ." ನಮ್ಮ ಕಸುಬಿನಲ್ಲಿ ಇದಕ್ಕೆ ತ್ರಿಕೋನ ಪರೀಕ್ಷೆ ಎನ್ನುತ್ತಾರೆ. ಹನ್ನೊಂದು ವರ್ಷದಲ್ಲಿ ಸಾವಿರಾರು ಸಲ ಮಾಡಿದ್ದೇನೆ. ಮೂಸಿದೆ, ಬಾಯಾಡಿಸಿದೆ, ಉಗಿದೆ, ನೀರು ಕುಡಿದು ಮತ್ತೆ ನೋಡಿದೆ. ನಡುವಿನದು ಎಂದೆ.

ತಪ್ಪು. ಬಲಗಡೆಯದು.

ಒಂದು ಸಲದ ತಪ್ಪಿಗೆ ಅರ್ಥ ಇಲ್ಲ ಎಂದು ನನಗೇ ಗೊತ್ತು. ಕಣ್ಣುಮುಚ್ಚಿ ಹೇಳಿದರೂ ಮೂರಕ್ಕೆ ಒಂದು ಸಲ ಸರಿಯಾಗುವ ಆಟದಲ್ಲಿ ಏನಾದರೂ ನಿಶ್ಚಯವಾಗಬೇಕಾದರೆ ಇಪ್ಪತ್ತು ಮೂವತ್ತು ಜನರನ್ನು ಕೂರಿಸಬೇಕು. ಅದಕ್ಕೆ ಮುಂಚೆ ನಾಲ್ಕು ಬಗೆ ಕುಡಿದ ನಾಲಿಗೆ ಬೇರೆ. ಇವೆಲ್ಲ ಸಬೂಬುಗಳನ್ನು ರೈಲಿನಲ್ಲಿ ಮನೆಗೆ ಬರುವಾಗ ನನಗೆ ನಾನೇ ಹೇಳಿಕೊಂಡೆ. ಆದರೂ ಪ್ರಶ್ನೆ ಹೋಗಲಿಲ್ಲ. ನನ್ನ ನಾಲಿಗೆಗೇ ತಿಳಿಯದ 2.8 ಅಲ್ಲಿ ಯಾಕಿದೆ?

ಅವನು ಕೊಟ್ಟ ಎರಡು ಕ್ಯಾನು ನನ್ನ ಚೀಲದಲ್ಲಿದ್ದವು. ಮನೆಯಲ್ಲಿ ಅಮ್ಮ ಇದ್ದರು.

ಈಗ ಕಾರಣ ಹೇಳಬೇಕು. ಅಪ್ಪ ಕುಡಿಯುತ್ತಿದ್ದರು. ಅದರಲ್ಲಿ ವಿಶೇಷವೇನೂ ಇಲ್ಲ, ನಮ್ಮ ಬೀದಿಯಲ್ಲಿ ಐದಾರು ಅಪ್ಪಂದಿರು ಕುಡಿಯುತ್ತಿದ್ದರು. ವಿಶೇಷ ಇದ್ದದ್ದು ಅಮ್ಮನ ಮೂಗಿನಲ್ಲಿ. ಗೇಟಿನ ಚಿಲಕದ ಸದ್ದಾಗಿ ಅಪ್ಪ ಮೆಟ್ಟಿಲು ಹತ್ತುವಷ್ಟರಲ್ಲಿ ಅಮ್ಮನಿಗೆ ಎಲ್ಲ ತಿಳಿಯುತ್ತಿತ್ತು. ಏಲಕ್ಕಿ ಜಗಿದು ಬಂದರೆ ಅರ್ಧ ಕ್ವಾರ್ಟರು, ಹಸಿ ಈರುಳ್ಳಿ ತಿಂದು ಬಂದರೆ ಪೂರ್ತಿ. ಸಂಬಳದ ವಾರ ಬ್ರಾಂದಿ, ತಿಂಗಳ ಕೊನೆಗೆ ಪ್ಯಾಕೆಟ್ ಸಾರಾಯಿ. ವಾಸನೆಯ ಪ್ರಕಾರ ನಮ್ಮನ್ನು ಊಟಕ್ಕೆ ಕೂರಿಸುತ್ತಿದ್ದರು, ಇಲ್ಲವೇ ಪಕ್ಕದ ಮನೆಗೆ ಓದಲು ಕಳಿಸುತ್ತಿದ್ದರು. 2007ರ ಜುಲೈಯಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಾಗ ಅಪ್ಪ ಹೋಗಿ ಒಂಬತ್ತು ವರ್ಷವಾಗಿತ್ತು, ಐವತ್ತನಾಲ್ಕಕ್ಕೆ, ಲಿವರು. ಸಿಎಫ್‌ಟಿಆರ್‌ಐನಲ್ಲಿ ನನ್ನ ಮೂಗನ್ನು ಯಾರಾದರೂ ಮೆಚ್ಚಿದರೆ ನಾನು ಮಾತು ಬದಲಿಸುತ್ತಿದ್ದೆ. ಆ ಮೂಗು ಎಲ್ಲಿ ತಯಾರಾದದ್ದು ಎಂದು ಹೇಳುವುದು ಹೇಗೆ? ಹುದುಗಿದ ಯಾವುದೇ ವಸ್ತುವಿನ ಕಡತ ಬಂದರೆ ಪಕ್ಕದ ಮೇಜಿಗೆ ದಾಟಿಸುತ್ತಿದ್ದೆ. ವಿನೆಗರ್ ಕೂಡ.

ಕ್ಯಾನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಬಚ್ಚಿಡುವ ವಯಸ್ಸಲ್ಲ ನನ್ನದು.

"ಏನೇ ಇದು?"

"ಬಿಯರಮ್ಮ. ಸೀಬೆಹಣ್ಣು ಹಾಕಿ ಮಾಡಿದ್ದು. ಕೆಲಸಕ್ಕೆ ಸಂಬಂಧ ಪಟ್ಟಿದ್ದು."

"ಸುರಿ ನೋಡೋಣ."

ಒಂದು ಸ್ಟೀಲ್ ಲೋಟಕ್ಕೆ ಸುರಿದೆ. ಅಮ್ಮ ಲೋಟ ಮುಟ್ಟಲಿಲ್ಲ, ಬಗ್ಗಿ ಮೂಸಿದರು. ಎರಡು ಸಲ. ಆ ಭಂಗಿ ನೋಡಿದರೆ ನಮ್ಮ ಪ್ಯಾನೆಲ್ಲಿನಲ್ಲಿ ಕೂರಿಸಬಹುದಾಗಿತ್ತು.

"ಹಣ್ಣು ಜಾಸ್ತಿ ಆಗಿದೆ ಕಣೇ. ಕೊಳೆಯೋಕೆ ಬಂದಿತ್ತು ಅದು. ಉಪ್ಪು ಹಾಕಿದಾರೆ." ಸ್ವಲ್ಪ ಹೊತ್ತು ಬಿಟ್ಟು, "ಇದಕ್ಕೆ ಅಷ್ಟೊಂದು ಯಾಕೆ? ನಂಗೆ ಹೇಳಿದ್ರೆ ಪಾನಕ ಮಾಡ್ಕೊಡ್ತಿದ್ದೆ."

ವಿಮರ್ಶೆ ಎಂದರೆ ಇಷ್ಟೇ. ನಾನು ಎರಡು ಗಂಟೆ ಕೂತು ಕಂಡುಕೊಂಡದ್ದನ್ನು ಅಮ್ಮ ಒಂದು ಉಸಿರಿನಲ್ಲಿ ಹೇಳಿ, ನಾನು ಉತ್ತರ ಕೊಡಲಾರದ ಪ್ರಶ್ನೆಯನ್ನೂ ಕೇಳಿ ಸಾರಿಗೆ ಒಗ್ಗರಣೆ ಹಾಕಲು ಹೋದರು.

ಪಾನಕ ಮಾಡಿ ನೋಡಿದೆ, ಮಾರನೆಯ ದಿನ. ಸೀಬೆಯ ರಸ, ಸೋಡಾ, ನಿಂಬೆ, ಉಪ್ಪು. ಒಳ್ಳೆಯದೇ ಆಗಿತ್ತು, ಅದೇ ಆಗಲಿಲ್ಲ. ಪಾನಕದ ಹುಳಿ ನೇರ, ಬಂದು ಹೊಡೆದು ಹೋಗುತ್ತದೆ. ಬಿಯರಿನ ಹುಳಿ ಮೊಸರಿನ ಹುಳಿ, ಮೆಲ್ಲಗೆ ಹರಡಿಕೊಳ್ಳುತ್ತದೆ. ಪಾನಕದಲ್ಲಿ ಧಾನ್ಯವಿಲ್ಲ, ಇದರಲ್ಲಿ ಹಿಂದೆಲ್ಲೋ ಹುರಿದ ಗೋಧಿಹಿಟ್ಟಿನ ನೆನಪಿದೆ. ಯೀಸ್ಟ್ ತನ್ನ ಪಾಡಿಗೆ ತಾನು ಸೇರಿಸುವ ಪರಿಮಳಗಳಿವೆ. ಬವೇರಿಯದ ಗೋಧಿ ಬಿಯರಿನಲ್ಲಿ ಬಾಳೆಹಣ್ಣು ಹಾಕದೆಯೇ ಬಾಳೆಹಣ್ಣಿನ ವಾಸನೆ ಬರುತ್ತದಲ್ಲ, ಆ ಬಗೆಯದು. ಅಂದರೆ ಅಮ್ಮನ ಪ್ರಶ್ನೆಗೆ ಉತ್ತರ: ಹುದುಗು ಬೇಕು. ಹುದುಗಿಸಿದರೆ ಮದ್ಯ ಸ್ವಲ್ಪವಾದರೂ ಬಂದೇ ಬರುತ್ತದೆ, ನಮ್ಮ ದೋಸೆ ಹಿಟ್ಟಿನಲ್ಲೂ ಚೂರು ಇರುತ್ತದೆ. ಆದರೆ ಹುದುಗು ಬೇಕು ಎನ್ನುವುದಕ್ಕೂ 2.8 ಬೇಕು ಎನ್ನುವುದಕ್ಕೂ ನಡುವೆ ಒಂದು ಕಂದಕ ಇದೆ, ಬಲಗಡೆಯ ಕಪ್ಪು ನನಗೆ ತೋರಿಸಿದ್ದು ಅದನ್ನೇ.

ಹಗುರ ಎಂಬ ಮಾತಿನಲ್ಲಿ ಒಂದು ಜಾಣತನವೂ ಇದೆ. ಲೆಕ್ಕ ಹಾಕಿ ನೋಡಿ. 330 ಮಿಲಿಲೀಟರಿನ 2.8ರ ಕ್ಯಾನಿನಲ್ಲಿ ಸುಮಾರು 7 ಗ್ರಾಂ ಮದ್ಯ, 5ರದ್ದರಲ್ಲಿ 13 ಗ್ರಾಂ. ಹಗುರ ಎಂದುಕೊಂಡು ನಾಲ್ಕು ಕುಡಿದವನು, ಹಗುರವಲ್ಲದ್ದನ್ನು ಎರಡು ಕುಡಿದವನಿಗಿಂತ ಹೆಚ್ಚು ಕುಡಿದಿರುತ್ತಾನೆ. ಸುಂಕದ ಮಾತೂ ಇದೆ. ಸಿಂಗಪುರದಲ್ಲಿ ಬಿಯರಿನ ಅಬಕಾರಿ ಸುಂಕ ಹಾಕುವುದು ಅದರಲ್ಲಿರುವ ಶುದ್ಧ ಮದ್ಯದ ಮೇಲೆ, ಲೀಟರಿಗೆ 60 ಡಾಲರು. ಹಾಗಾಗಿ 5ರ ಕ್ಯಾನಿಗೆ 99 ಸೆಂಟು ಬಿದ್ದರೆ 2.8ಕ್ಕೆ 55 ಸೆಂಟು. ಮಾರುವ ಬೆಲೆ ಮಾತ್ರ ಎರಡಕ್ಕೂ ಒಂದೇ, 9 ಡಾಲರು. ಕೇಳಿದ್ದಕ್ಕೆ ಹುಡುಗ ಬಾಡಿಗೆ, ಕ್ಯಾನು, ಹಣ್ಣಿನ ಪ್ಯೂರಿ ಎಂದು ಪಟ್ಟಿ ಕೊಟ್ಟ. ಹಣ್ಣು ಬಾರ್ಲಿಗಿಂತ ದುಬಾರಿ ಎನ್ನುವುದು ಸುಳ್ಳಲ್ಲ. ಟೈಗರ್ 1932ರಿಂದ ಈ ದ್ವೀಪದ ದಾಹ ತೀರಿಸುತ್ತಾ ಬಂದಿರುವ ಊರಿನಲ್ಲಿ, ಬಳಸಿದ ನೀರನ್ನೇ ಶುದ್ಧಮಾಡಿದ ನ್ಯೂವಾಟರಿನಿಂದಲೂ 2018ರಲ್ಲಿ ಬಿಯರು ಮಾಡಿ ತೋರಿಸಿದ ಊರಿನಲ್ಲಿ, ಸಣ್ಣವನೊಬ್ಬ ಉಬಿಯ ಮಹಡಿಯಲ್ಲಿ ಬಾಡಿಗೆ ಕಟ್ಟಿ ನಿಲ್ಲುವುದು ಸುಲಭವಲ್ಲ. ಅಷ್ಟಾಗಿ 9 ಡಾಲರಿಗೆ ಆ ಮಾವಿನದ್ದನ್ನು ನಾನು ಕೊಳ್ಳಲಾರೆ.

ಸೀಬೆಯದ್ದನ್ನು? 2.8ರದ್ದನ್ನು ಒಂದು ಸಲ, ಯಾರಾದರೂ ಜೊತೆಗಿದ್ದರೆ. 0.5ರದ್ದನ್ನು ಮತ್ತೆ ಮತ್ತೆ. ಬೇರೆಯವರು ನನ್ನಂತೆ ಇರಬೇಕಿಲ್ಲ. 2.8ಕ್ಕೆ ಒಂದು ಮೆಲ್ಲನೆಯ ಬಿಸುಪು ಇದೆ, ಗಂಟಲು ದಾಟಿದ ಮೇಲೆ ಬರುವಂಥದು. ಉಗಿಯುವ ನಾನು ಅದನ್ನು ಅಳೆಯಲಾರೆ. ಅಂದರೆ ನನ್ನ ಪರೀಕ್ಷೆ ಅರ್ಧ ಪರೀಕ್ಷೆಯೇ, ಕುಡಿಯುವ ವಸ್ತುವನ್ನು ಕುಡಿಯದೆ ಅಳೆದದ್ದು. ನುಂಗಿ ನೋಡಬಹುದಿತ್ತು. ನುಂಗಲಿಲ್ಲ. ವಿಮರ್ಶಕಿಯಾಗಿ ಇದು ನನ್ನ ಕೊರತೆ ಎಂದು ಬೇಕಾದರೆ ಬರೆದುಕೊಳ್ಳಿ.

ಹುಡುಗನಿಗೆ ಒಂದು ಪುಟ ಬರೆದು ಕಳಿಸಿದೆ. ಮಾವು ಬಿಡು. ಸಿಹಿಯ ಹಣ್ಣು ಬೇಡ, ಹುಳಿ ಒಗರಿನ ಹಣ್ಣು ಹುಡುಕು. ನಮ್ಮ ಕಡೆ ನೇರಳೆ ಇದೆ, ಮಲೆನಾಡಿನಲ್ಲಿ ಮುರುಗಲು ಇದೆ, ಬೆಟ್ಟದ ನೆಲ್ಲಿ ಇದೆ. ನಿಮ್ಮ ಕಡೆ ಬೆಲಿಂಬಿಂಗ್ ಬುಲು ಇದೆ. ನಮ್ಮ ಕರಾವಳಿಯವರು ಅದೇ ಕಾಯಿಯನ್ನು ಬಿಂಬುಳಿ ಎಂದು ಉಪ್ಪಿನಕಾಯಿ ಹಾಕುತ್ತಾರೆ, ಹೆಸರುಗಳೇ ದಾಯಾದಿಗಳಂತೆ ಕೇಳುತ್ತವೆ. ಸೀಬೆಗೆ ಪ್ಯೂರಿ ಬೇಡ, ದೋರೆಗಾಯಿ ತೆಗೆದುಕೊ. ದೋರೆಗಾಯಿ ಎಂದರೇನು ಎಂದು ವಿವರಿಸಲು ಹೋಗಿ ನಾಲ್ಕು ಸಾಲಾಯಿತು, ಆಮೇಲೆ ಅದನ್ನು ಹೊಡೆದುಹಾಕಿ ಕನ್ನಡದ ಪದವನ್ನೇ ರೋಮನ್ ಲಿಪಿಯಲ್ಲಿ ಬರೆದು, ಒಂದು ತಂದು ತೋರಿಸುತ್ತೇನೆ ಎಂದೆ. ಸಣ್ಣದೊಂದು ಪಾತ್ರೆಯಷ್ಟು ಮಾಡಿ ನೋಡೋಣ, ಎರಡು ಕಿಲೋ ಸಾಕು ಎಂದು ಉತ್ತರ ಬಂತು.

ಟೆಕ್ಕಾ ಮಾರುಕಟ್ಟೆಗೆ ಶನಿವಾರ ಹೋಗಬೇಕು. ಎರಡು ಕಿಲೋ ಸೀಬೆಯಲ್ಲಿ ಒಂದೊಂದನ್ನೂ ಒತ್ತಿ, ಮೂಸಿ, ದೋರೆಗಾಯಿಯನ್ನೇ ಆರಿಸುವುದು ನನ್ನಿಂದ ಆಗುವ ಕೆಲಸವಲ್ಲ. ಅಮ್ಮನನ್ನು ಕೇಳಿದೆ, ಯಾಕೆಂದು ಹೇಳಿಯೇ ಕೇಳಿದೆ. ಅಮ್ಮ ಬಟ್ಟೆ ಮಡಚುತ್ತಿದ್ದರು.

"ಆರಿಸ್ಕೊಡ್ತೀನಿ," ಎಂದರು. "ಅಲ್ಲಿಗೆಲ್ಲ ಕರೀಬೇಡ ನನ್ನ."